ಹನ್ನೆರಡು ದಿನದ ಲಿವರ್

ಆ ಎರಡು ವಾರ ಜಕ್ಕೂರಿನ ಮನ್ಸೂರನ ಮಟನ್ ಅಂಗಡಿಯಲ್ಲಿ ಕುರಿಯ ಲಿವರ್ ಬೇರೆ ಯಾರಿಗೂ ಸಿಗಲಿಲ್ಲ. ಬೆಳಿಗ್ಗೆ ಆರೂವರೆಗೇ ದ್ರೌಪದಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದಳು.

"ಅಮ್ಮಾ, ದಿನಾ ಲಿವರ್ ಅಂದ್ರೆ ಎಲ್ಲಿಂದ ತರ್ಲಿ? ಒಂದು ಕುರಿಗೆ ಒಂದೇ ಇರೋದು," ಎಂದ ಮನ್ಸೂರ್ ಆರನೆಯ ದಿನ.

"ಎರಡು ಕುರಿ ಕೊಯ್ಯಿ."

"ಕೊಯ್ದ್ರೆ ಮಿಕ್ಕಿದ್ದು ಯಾರ್ ತಗೋತಾರೆ? ವಾರದ ದಿನ ಜನ ಎಲ್ಲಿದಾರೆ? ಯಾರಿಗಮ್ಮಾ ಇದು, ಯಜಮಾನ್ರಿಗಾ?"

"ಸೊಸೆಗೆ. ಬಸುರಿ. ಒಟ್ಟೇಲಿರೋ ಮಗೀಗೆ ರಕ್ತ ಇಲ್ವಂತೆ."

"ನಿಮ್ ಸೊಸೆ ಲಿಂಗಾಯತ್ರಲ್ವಾ? ತಿಂತಾರಾ?"

"ನೀನು ಕೊಯ್ದು ಕೊಡು. ತಿನ್ಸೋದು ನನಗ್ ಬಿಡು," ಎಂದು ದ್ರೌಪದಮ್ಮ ಡಬ್ಬಿ ಮುಂದೆ ತಳ್ಳಿದಳು.

ಮಗುವಿಗೆ ರಕ್ತವಿಲ್ಲ ಎಂಬ ಸುದ್ದಿಯನ್ನು ಮನೆಗೆ ತಂದವನು ಅವಳ ಗಂಡ ವೆಂಕಟೇಶಪ್ಪ. ಅದು 2016ರ ಜುಲೈ ತಿಂಗಳ ಒಂದು ಗುರುವಾರ. ಸೊಸೆ ಪ್ರತಿಭಾಗೆ ಎರಡನೆಯ ಬಸುರಿ, ಇಪ್ಪತ್ತನಾಲ್ಕನೆಯ ವಾರ. ಮಾಮೂಲಿ ಡಾಕ್ಟರು ಒಂದು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿ, ಹೆಬ್ಬಾಳದ ಹತ್ತಿರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ಮಗ ನಂದಕುಮಾರ್ ಜಕ್ಕೂರಿನ ವಿಮಾನ ಮೈದಾನದಲ್ಲಿ ಮೆಕ್ಯಾನಿಕ್. ಅವತ್ತು ಅವನಿಗೆ ರಜೆ ಸಿಗಲಿಲ್ಲ. ಹಾಗಾಗಿ ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತನಾಗಿದ್ದ ಮಾವನೇ ಸೊಸೆಯ ಜೊತೆ ಹೋದ.

ಆಸ್ಪತ್ರೆಯ ಡಾಕ್ಟರ್ ರಾಧಾಮಣಿ ಹೊಟ್ಟೆಯೊಳಗಿನ ಮಕ್ಕಳನ್ನಷ್ಟೇ ನೋಡುವವರು. ಸ್ಕ್ಯಾನಿಂಗ್ ಮುಗಿಸಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ತಾಯಿ ರಕ್ತದ ಗುಂಪು ನೆಗೆಟಿವ್, ಮಗೂದು ಪಾಸಿಟಿವ್. ಮೊದಲ್ನೇ ಹೆರಿಗೇಲಿ ಮಗುವಿನ ರಕ್ತ ಒಂಚೂರು ಇವರಿಗೆ ಸೇರಿದೆ. ಅದನ್ನ ಇವರ ಮೈ ನೆನಪಿಟ್ಕೊಂಡಿದೆ. ಆಗ ಒಂದು ಇಂಜೆಕ್ಷನ್ ಹಾಕಿಸಿದ್ರೆ ಹಿಂಗಾಗ್ತಿರ್ಲಿಲ್ಲ. ಈಗ ಈ ಮಗುವಿನ ರಕ್ತದ ಕಣಗಳನ್ನ ಒಡೀತಾ ಇದೆ."

"ಈಗ ಮಗು ಏನ್ ಮಾಡ್ತಿದೆ?" ಎಂದು ಪ್ರತಿಭಾ ಕೇಳಿದಳು.

"ಹುಟ್ಟೋ ಮುಂಚೆ ಲಿವರೂ ರಕ್ತ ತಯಾರು ಮಾಡುತ್ತೆ. ಒಡೆದಷ್ಟನ್ನೂ ತುಂಬ್ಸೋಕೆ ಈಗ ಅದು ಆ ಕೆಲಸವನ್ನೇ ಜಾಸ್ತಿ ಮಾಡ್ತಿದೆ. ಊದ್ಕೊಂಡಿದೆ. ಲಿವರ್‌ಗೆ ಬೇರೆ ಕೆಲಸಾನೂ ಇದೆ, ಪ್ರೊಟೀನ್ ಮಾಡ್ಬೇಕು. ಅದು ಕೈಬಿಟ್ರೆ ಮಗುವಿನ ಹೊಟ್ಟೇಲಿ ನೀರು ತುಂಬ್ಕೊಳ್ಳುತ್ತೆ."

"ಡಬಲ್ ಡ್ಯೂಟಿ ಅನ್ನಿ," ಎಂದ ವೆಂಕಟೇಶಪ್ಪ.

"ಹಂಗೇ ಅಂದ್ಕೊಳ್ಳಿ."

"ಎಷ್ಟು ದಿನ ತಾಳುತ್ತೆ?"

"ಹೇಳೋಕಾಗಲ್ಲ. ಐದು ದಿನಕ್ಕೆ ಮತ್ತೆ ಬನ್ನಿ. ಕಡಿಮೆಯಾಗ್ತಾ ಹೋದ್ರೆ ಹೊಕ್ಕುಳಬಳ್ಳಿಗೆ ಸೂಜಿ ಹಾಕಿ ನಾವೇ ಮಗೂಗೆ ರಕ್ತ ಕೊಡ್ತೀವಿ. ನೂರಕ್ಕೆ ಒಂದೆರಡು ಸಲ ಕೈತಪ್ಪೋದೂ ಉಂಟು. ಅದನ್ನೂ ಈಗ್ಲೇ ಹೇಳಿರ್ತೀನಿ."

ಮನೆಗೆ ಬಂದು ವೆಂಕಟೇಶಪ್ಪ ಇದನ್ನು ಮೂರು ಮಾತಿಗೆ ಇಳಿಸಿದ. "ಮಗೀಗೆ ರಕ್ತ ಕಮ್ಮಿ. ಲಿವರ್ ಊದ್ಕೊಂಡಿದೆ. ಒಟ್ಟೆ ಒಳಿಕ್ಕೇ ಸೂಜಿ ಆಕ್ಬೇಕಾಗ್ಬೌದು."

ದ್ರೌಪದಮ್ಮ ಹಿಟ್ಟಿನ ಕೋಲನ್ನು ಕೆಳಗಿಟ್ಟಳು. "ರಕ್ತ ಕಮ್ಮಿ ಅಂದ್ರೆ ಲಿವರ್ ತಿನ್ನಿಸ್ಬೇಕು. ಇದು ಯಾರಿಗ್ ಗೊತ್ತಿಲ್ಲ? ಅದಕ್ಕೇ ಡಾಕ್ಟ್ರಮ್ಮ ಲಿವರ್ ಲಿವರ್ ಅಂದಿರಾದು."

"ಅವ್ರು ಏಳಿದ್ದು ಮಗೀ ಲಿವರ್ ಕಣೆ."

"ಯಾರ್ದಾದ್ರೇನು? ಲಿವರ್‌ಗೆ ಲಿವರೇ ಆಗ್ಬೇಕು. ನಂದ, ಸರಳಾ ಇಬ್ರೂ ಒಟ್ಟೇಲಿದ್ದಾಗ ನಾನು ತಿಂದಿದ್ದು ಇದ್ನೇ. ನೀವೇ ತಂದ್ಕೊಡ್ತಿದ್ರಿ, ಮರ್ತೋಯ್ತಾ?"

ವೆಂಕಟೇಶಪ್ಪ ಮರೆತಿರಲಿಲ್ಲ.

ಪ್ರತಿಭಾ ಮಾಂಸದ ಮನೆಗೆ ಮದುವೆಯಾಗಿ ಬಂದವಳು, ಮಾಂಸ ಮುಟ್ಟಿದವಳಲ್ಲ. ಅವಳ ಅಪ್ಪ ಮುರಿಗೆಪ್ಪ ಬಾಗಲಕೋಟೆ ಕಡೆಯವನು, ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ಈಗ ವಿದ್ಯಾರಣ್ಯಪುರದಲ್ಲಿ ಇದ್ದ. ಮಗಳು ಒಪ್ಪಿದ ಹುಡುಗನನ್ನು ಒಪ್ಪಿಕೊಳ್ಳುವಾಗ ಅವನು ಇಟ್ಟ ಷರತ್ತು ಒಂದೇ: ಅವಳ ತಟ್ಟೆಗೆ ಮಾಂಸ ಬೀಳಬಾರದು. ಐದು ವರ್ಷ ಅದು ನಡೆದಿತ್ತು. ಅಡುಗೆಮನೆಯಲ್ಲಿ ಪ್ರತಿಭಾಳ ತಟ್ಟೆ, ಲೋಟ, ಬಾಣಲೆ ಬೇರೆ ಗೂಡಿನಲ್ಲಿದ್ದವು. ಭಾನುವಾರ ದ್ರೌಪದಮ್ಮ ಮಟನ್ ಸಾರು ಮಾಡಿದರೆ ಇವಳಿಗೆ ಬೇರೆ ಬಸ್ಸಾರು. ಇದರ ಬಗ್ಗೆ ದ್ರೌಪದಮ್ಮ ಗೊಣಗಿದ್ದೂ ಇಲ್ಲ.

ಗುರುವಾರ ಸಂಜೆ ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಹಿಂದೆ ಬಂದು ಪ್ರತಿಭಾ ನಿಂತಳು.

"ನಿಜವಾಗ್ಲೂ ರಕ್ತ ಆಗುತ್ತಾ ಅತ್ತೆ?"

"ನನ್ನ ಮಕ್ಕಳನ್ನ ನೋಡಿದ್ಯಲ್ಲ. ಏನಾಗದೆ?"

"ಹಂಗಾದ್ರೆ ಮಾಡಿ. ತಿಂತೀನಿ. ನನ್ನ ತಟ್ಟೇಲಿ ಮಾತ್ರ ಬೇಡ. ನಮ್ಮಪ್ಪಂಗೆ ಹೇಳ್ಬೇಡಿ."

ಮೆಣಸು, ಬೆಳ್ಳುಳ್ಳಿ ಹಾಕಿ ಹುರಿದ ನಾಲ್ಕು ತುಂಡು. ಪ್ರತಿಭಾ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಎಡಗೈಯಲ್ಲಿ ಮೂಗು ಹಿಡಿದು, ಅಗಿಯದೆ ನುಂಗಿ ನೀರು ಕುಡಿಯುತ್ತಿದ್ದಳು. ಮೊದಲೆರಡು ದಿನ ವಾಂತಿಯಾಯಿತು. ದ್ರೌಪದಮ್ಮ ಬಯ್ಯಲಿಲ್ಲ. ಬೆನ್ನು ಸವರಿ, ಮತ್ತೆ ಎರಡು ತುಂಡು ಹುರಿದು ತಂದಳು. ಮೂರನೆಯ ದಿನದಿಂದ ನಿಂತಿತು. ತಿಂದ ಮೇಲೆ ಪ್ರತಿಭಾ ಹಲ್ಲುಜ್ಜಿ, ಚೂಡಿದಾರ ಬದಲಿಸಿ, ಯಲಹಂಕದ ಕಾಲೇಜಿನ ಕಚೇರಿಗೆ ಬಸ್ ಹಿಡಿಯುತ್ತಿದ್ದಳು. ಅಡ್ಮಿಷನ್ನಿನ ಕಾಲ, ರಜೆ ಕೇಳುವ ಹಾಗಿರಲಿಲ್ಲ. ನಾಲ್ಕು ವರ್ಷದ ಮಗಳು ಚಿನ್ನಿ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಐದನೆಯ ದಿನ ತಾರಸಿಯಲ್ಲಿ ಬಟ್ಟೆ ಹರವುವಾಗ ಪ್ರತಿಭಾ ಗಂಡನಿಗೆ ಹೇಳಿದಳು.

"ಇವತ್ತು ಆಸ್ಪತ್ರೆಗೆ ಹೋಗ್ಬೇಕಿತ್ತು."

"ಗೊತ್ತು. ಇನ್ನೊಂದು ವಾರ ನೋಡೋಣ. ಅಮ್ಮ ಕೊಡ್ತಿರೋದು ಹತ್ಲಿ."

"ಡಾಕ್ಟ್ರು ಐದು ದಿನ ಅಂದಿದಾರೆ."

"ಡಾಕ್ಟ್ರು ನೂರಕ್ಕೆ ಒಂದೆರಡು ಅಂತಾನೂ ಅಂದಿದಾರೆ. ನಮ್ ಹ್ಯಾಂಗರಲ್ಲಿ ಸಾವಿರಕ್ಕೆ ಒಂದು ಕೈಕೊಡುತ್ತೆ ಅಂದ್ರೂ ಆ ಬೋಲ್ಟ್ ಹಾಕಲ್ಲ, ಗೊತ್ತಾ?"

"ಬೋಲ್ಟೇ ಇಲ್ದೆ ಹಾರಿಸ್ತೀರಾ?"

ನಂದಕುಮಾರ್ ಒಂದು ಅಂಗಿಯನ್ನು ಎರಡು ಸಲ ಕೊಡವಿದ. "ಒಂದು ವಾರ ಪ್ರತಿಭಾ. ಬರೀ ಒಂದು ವಾರ. ನೀನು ಹೂಂ ಅನ್ನು."

ಅವಳು ಹೂಂ ಅನ್ನಲಿಲ್ಲ. ಹೋಗಲೂ ಇಲ್ಲ. ಸೂಜಿ ಎಂದರೆ ಅವಳಿಗೂ ಹೆದರಿಕೆಯಿತ್ತು. ಹುರಿದ ನಾಲ್ಕು ತುಂಡಿನ ಮೇಲೆ ಅವಳಿಗೂ ಸ್ವಲ್ಪ ನಂಬಿಕೆ ಬಂದಿತ್ತು.

ಹತ್ತನೆಯ ದಿನ ಭಾನುವಾರ. ಮುರಿಗೆಪ್ಪ ಮತ್ತು ಅವನ ಹೆಂಡತಿ ದಾನವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಎರಡು ಬಸ್ ಬದಲಿಸಿ ಬಂದರು. ಮಗುವಿಗೆ ರಕ್ತ ಕಡಿಮೆಯಂತೆ ಎಂಬಷ್ಟು ಮಾತ್ರ ಅವರಿಗೆ ಫೋನಿನಲ್ಲಿ ಗೊತ್ತಾಗಿತ್ತು. ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತರು. ಚಿನ್ನಿ ಮುರಿಗೆಪ್ಪನ ತೊಡೆಯೇರಿದಳು.

"ಅಜ್ಜಾ, ಅಮ್ಮ ದಿನಾ ಲಿವರ್ ತಿಂತಾಳೆ. ಹಿಂಗೆ," ಎಂದು ಮೂಗು ಹಿಡಿದು ತೋರಿಸಿದಳು.

ಮುರಿಗೆಪ್ಪ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ.

"ಬೀಗರಽ, ಕೂಸು ಏನ ಹೇಳಾಕತ್ತೈತಿ?"

"ನನ್ನ ಕೇಳ್ಬೇಡಿ," ಎಂದ ವೆಂಕಟೇಶಪ್ಪ. "ಅಡಿಗೆಮನೆ ಯವಾರ ನಂದಲ್ಲ."

"ನಾನೇ ಕೊಟ್ಟೆ," ಎಂದಳು ದ್ರೌಪದಮ್ಮ.

"ಮದುವಿ ದಿನ ನಿಮಗ ಒಂದಽ ಮಾತ ಕೇಳಿದ್ದೆ. ಬಂಗಾರ ಕೇಳಿದ್ನೇನು? ಮತ್ತೊಂದು ಕೇಳಿದ್ನೇನು? ಒಂದಽ ಮಾತು."

"ಮದುವೆ ದಿನ ಮಗೀಗೆ ರಕ್ತ ಕಮ್ಮಿ ಇರ್ಲಿಲ್ಲ."

"ಹಂಗಂತ ನಮ್ಮ ಹುಡುಗಿ ಬಾಯಾಗ ತುರುಕೂದು?"

"ಅಪ್ಪಾ," ಎಂದಳು ಪ್ರತಿಭಾ. ತವರಿನವರ ಜೊತೆ ಮಾತಾಡುವಾಗ ಅವಳ ಮಾತು ಬದಲಾಗುತ್ತಿತ್ತು. "ಯಾರೂ ತುರುಕಿಲ್ಲ. ನಾನಽ ಕೇಳಿ ತಿಂದೀನಿ."

ದಾನವ್ವ ಮಗಳ ಕಡೆ ತಿರುಗಿದಳು. "ನಿಂತಿತೇನ ಹೊಟ್ಟ್ಯಾಗ?"

"ಎರಡ ದಿನ ವಾಂತಿ ಆತು. ಆಮ್ಯಾಲ ನಿಂತಿತು."

"ನಿಂದು ಗಟ್ಟಿ ಜೀವ ಬಿಡು. ನನಗಾದ್ರ ಕರುಳಽ ಹೊರಗ ಬರ್ತಿತ್ತು."

"ನೀ ಸುಮ್ಮಕಿರು," ಎಂದು ಮುರಿಗೆಪ್ಪ ಹೆಂಡತಿಗೆ ಗದರಿದ. "ಬೀಗರಽ, ಮೊದಲ್ನೇ ಹೆರಗಿ ನಾವು ಮಾಡೀವಿ. ಐದು ತಿಂಗಳು ಬಾಣಂತನ ಮಾಡಿ, ತಾಯಿ ಮಗಳನ್ನ ಗಟ್ಟಿಮುಟ್ಟ ಕಳಿಸಿಕೊಟ್ಟೀವಿ. ಕೆಟ್ಟಿದ್ದು ಇಲ್ಲಿ ಬಂದ ಮ್ಯಾಲ."

ದ್ರೌಪದಮ್ಮ ಈ ಮಾತಿಗೇ ಕಾಯುತ್ತಿದ್ದವಳಂತೆ ಎದ್ದು ನಿಂತಳು. "ಮೊದಲ್ನೇ ಎರಿಗೇಲಿ ಒಂದು ಇಂಜೆಕ್ಷನ್ ಆಕ್ಸಿದ್ರೆ ಇಂಗೆ ಆಗ್ತಿರ್ಲಿಲ್ಲ ಅಂತ ಡಾಕ್ಟ್ರೇ ಇವ್ರತ್ರ ಏಳವ್ರೆ. ಯಾರ್ ಆಕ್ಸಬೇಕಿತ್ತು? ನಾವಾ?"

"ನಾ ಕೇಳಿಲ್ಲಂತ ಅಂದ್ಕೊಂಡೀರೇನು? ಕೇಳೀನಿ. ನರ್ಸ್‌ಗೆ ಫೋನ್ ಹಚ್ಚಿ, ಕಾಗದ ಕೈಯಾಗ ಹಿಡಕೊಂಡು ಕೇಳೀನಿ. ಇಂಜೆಕ್ಷನ್ ಬ್ಯಾಡ ಅಂದ್ಲು. ಆ ಫೈಲ್ ಇನ್ನೂ ನನ್ನ ಟ್ರಂಕಿನ್ಯಾಗೈತಿ. ತಂದು ನಿಮ್ಮ ಡಾಕ್ಟರ್ ಮುಂದ ಇಡ್ತೀನಿ. ಯಾವತ್ತ ಬಾ ಅಂದಾರ?"

ನಂದಕುಮಾರ್ ತಟ್ಟೆ ನೋಡುತ್ತಲೇ ಹೇಳಿದ. "ಮಂಗಳವಾರ ಬನ್ನಿ ಅಂದಿದ್ರು ಮಾವ."

"ಬರೂ ಮಂಗಳವಾರ?"

"ಹೋದ ಮಂಗಳವಾರ."

ಮುರಿಗೆಪ್ಪ ಅಳಿಯನ ಮುಖವನ್ನು ನೋಡಿದ. ಕೈ ತೊಳೆದು, ನೀರನ್ನೂ ಕುಡಿಯದೆ ಚಪ್ಪಲಿ ಮೆಟ್ಟಿದ. ದಾನವ್ವ ಮಾತ್ರ ತನ್ನ ತಟ್ಟೆಯಲ್ಲಿದ್ದುದನ್ನು ಮುಗಿಸಿ, ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು ಹೊರಟಳು.

ಸೋಮವಾರ ರಾಧಾಮಣಿಯವರು ಇರುವುದಿಲ್ಲ. ಹನ್ನೆರಡನೆಯ ದಿನ, ಮಂಗಳವಾರ, ಬೆಳಿಗ್ಗೆಯ ಪಾಲು ಲಿವರ್ ತಿಂದೇ ಪ್ರತಿಭಾ ಆಸ್ಪತ್ರೆಗೆ ಹೊರಟಳು. ನಂದಕುಮಾರ್, ಅವನ ಅಪ್ಪ ಅಮ್ಮ ಜೊತೆಗಿದ್ದರು. ಮುರಿಗೆಪ್ಪ ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಮೊದಲೇ ಬಂದು ಕೂತಿದ್ದ. ಸ್ಕ್ಯಾನಿಂಗ್ ಕೋಣೆಯಲ್ಲಿ ಐದು ಜನಕ್ಕೆ ಜಾಗವಿರಲಿಲ್ಲ. ಆದರೂ ಯಾರೂ ಹೊರಗೆ ಹೋಗಲಿಲ್ಲ.

ರಾಧಾಮಣಿ ಬಹಳ ಹೊತ್ತು ತೆರೆಯನ್ನೇ ನೋಡಿದರು.

"ಐದು ದಿನಕ್ಕೆ ಬನ್ನಿ ಅಂದಿದ್ದೆ."

"ಆಗ್ಲಿಲ್ಲ ಮೇಡಮ್," ಎಂದ ನಂದಕುಮಾರ್.

"ಯಾಕೆ ಅಂತ ಕೇಳ್ತಿಲ್ಲ. ಇಲ್ಲಿ ನೋಡಿ, ಕಪ್ಪಗೆ ಕಾಣ್ತಿದೆಯಲ್ಲ, ಅದು ನೀರು. ಮಗು ಹೊಟ್ಟೇಲಿ ನೀರು ಬಂದಿದೆ. ಹೋದ ಸಲ ಇರ್ಲಿಲ್ಲ. ಲಿವರ್ ಇನ್ನೂ ದೊಡ್ಡದಾಗಿದೆ."

"ದಿನಾ ಲಿವರ್ ಕೊಟ್ಟಿದೀನಲ್ಲಮ್ಮ," ಎಂದಳು ದ್ರೌಪದಮ್ಮ.

"ಏನು?"

"ಕುರಿ ಲಿವರ್. ಅನ್ನೆರಡು ದಿನ. ಒಂದಿನಾನೂ ತಪ್ಪಿಸಿಲ್ಲ."

"ಯಾರಿಗೆ?"

"ಇವ್ಳಿಗೆ."

ರಾಧಾಮಣಿ ಕೈಯಲ್ಲಿದ್ದ ಉಪಕರಣವನ್ನು ಕೊಕ್ಕೆಗೆ ಸಿಕ್ಕಿಸಿದರು. ದನಿ ಏರಿಸದೆ ಹೇಳಿದರು. "ಅಮ್ಮಾ, ಇವರ ರಕ್ತ ಹನ್ನೆರಡು ಇದೆ. ಚೆನ್ನಾಗಿದೆ. ರಕ್ತ ಕಡಿಮೆ ಇರೋದು ಇವರಿಗಲ್ಲ. ಇವರು ಏನು ತಿಂದ್ರೂ ಮಗೂಗೆ ಒಂದು ಹನಿ ರಕ್ತ ಹೆಚ್ಚಾಗಲ್ಲ. ಮಗು ಮಾಡ್ಕೊಂಡಿದ್ದನ್ನೂ ಇವರ ಮೈ ಒಡೀತಾನೇ ಇರುತ್ತೆ. ಮತ್ತೆ ಬಸುರೀರಿಗೆ ದಿನಾ ಲಿವರ್ ಒಳ್ಳೇದಲ್ಲ. ಅದರಲ್ಲಿರೋ ಒಂದು ವಿಟಮಿನ್ ಜಾಸ್ತಿಯಾದ್ರೆ ಮಗೂಗೇ ತೊಂದ್ರೆ. ಇವತ್ತಿಂದ ನಿಲ್ಸಿ."

ದ್ರೌಪದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮುರಿಗೆಪ್ಪನ ಮುಖದಲ್ಲಿ ಗೆದ್ದ ಕಳೆ ಕಾಣಿಸಿತು. ಅವನು ಫೈಲನ್ನು ಮೇಜಿನ ಮೇಲಿಟ್ಟ.

"ಮೇಡಮ್ಮಾರ, ಇದನ್ನೂ ನೋಡಿಬಿಡ್ರಿ. ನರ್ಸಽ ಬ್ಯಾಡ ಅಂದಿದ್ಲು. ಇಂಜೆಕ್ಷನ್ ಯಾಕ ಹಾಕಿಸಿಲ್ಲ ಅಂತ ನಮ್ಮ ಬೀಗರಿಗೆ ತಿಳಿಯಲಿ."

ರಾಧಾಮಣಿ ಹಾಳೆ ತಿರುಗಿಸಿದರು. "ನರ್ಸ್ ನಿಮ್ಮನ್ನ ಏನು ಕೇಳಿದ್ರು?"

"ಹೆರಗಿ ಮರುದಿನ ಲ್ಯಾಬಿನಿಂದ ರಿಪೋರ್ಟ್ ತಂದೆ. ಮಗುವಿನ ಗ್ರೂಪ್ ಏನ ಬಂದೈತಿ ಅಂತ ಫೋನ್‌ನಾಗ ಕೇಳಿದ್ಲು. ನೋಡಿ ನೆಗೆಟಿವ್ ಅಂದೆ. ಹಂಗಾದ್ರ ಇಂಜೆಕ್ಷನ್ ಬ್ಯಾಡ ಅಂದ್ಲು."

"ಯಾವ ಹಾಳೆ ನೋಡಿದ್ರಿ?"

"ಇದಽ." ಮುರಿಗೆಪ್ಪ ಬೆರಳಿಟ್ಟು ತೋರಿಸಿದ. "ಎಲ್ಲಾ ನೆಗೆಟಿವ್ ಐತಿ ನೋಡ್ರಿ. ಲ್ಯಾಬಿನಾಂವನೂ ಅದನ್ನಽ ಹೇಳಿದ. ಎಲ್ಲಾ ನೆಗೆಟಿವ್ ಬಂದೈತಿ, ಚಿಂತಿ ಬ್ಯಾಡ ಅಂತ."

"ಮೇಲೆ ಹೆಸರು ಓದಿ."

ಮುರಿಗೆಪ್ಪ ಕನ್ನಡಕ ಹಾಕಿಕೊಂಡ. "ಪ್ರತಿಭಾ ಎಂ."

"ಇದು ತಾಯೀದು. ಮಗೂದು ಇದರ ಹಿಂದೆ ಪಿನ್ ಹೊಡೆದಿದೆ." ರಾಧಾಮಣಿ 2012ರ ಆ ಹಾಳೆಯನ್ನು ಮಗುಚಿದರು. ಹಿಂದಿನ ಸಣ್ಣ ಚೀಟಿಯಲ್ಲಿ 'ಓ ಪಾಸಿಟಿವ್' ಎಂದಿತ್ತು.

ಮುರಿಗೆಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿದ. ಪ್ರತಿಭಾ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡು ಎದ್ದು ಕೂತಳು.

"ಅವರದು ಇವರದು ಆಮೇಲೆ ನೋಡ್ಕೊಳ್ಳಿ," ಎಂದಳು. "ಮೇಡಮ್, ಸೂಜಿ ಯಾವಾಗ ಹಾಕ್ತೀರ?"

"ನಾಳೆ ಬೆಳಿಗ್ಗೆ. ರಕ್ತ ಇವತ್ತೇ ಹೊಂದಿಸ್ತೀನಿ. ನಿಮ್ಮ ಯಜಮಾನ್ರು ಸಹಿ ಮಾಡ್ಬೇಕು."

"ನನ್ನ ಸಹಿ ಸಾಕಾಗಲ್ವಾ?"

"ಸಾಕು."

"ಕೊಡಿ."

ಅವಳು ಸಹಿ ಮಾಡಿದಳು. ನಂದಕುಮಾರ್ ಕೆಳಗೆ ತಾನೂ ಮಾಡಿದ, ಯಾರೂ ಕೇಳದಿದ್ದರೂ.

ಸಂಜೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ವೆಂಕಟೇಶಪ್ಪ ಎರಡು ಕಾಫಿ ತಂದು ಒಂದನ್ನು ಮುರಿಗೆಪ್ಪನ ಮುಂದಿಟ್ಟ.

"ತಪ್ಪು ನಂದಽ ಆತು ಬೀಗರಽ," ಎಂದ ಮುರಿಗೆಪ್ಪ. "ಮೂವತ್ತೈದು ವರ್ಷ ಮೈಕ್ರೋಮೀಟರ್ ಹಿಡಿದಾಂವ ನಾನು. ಹೆಸರ ಓದಲಿಲ್ಲ."

"ನಾನು ಒಂದ್ಸಲ ಬೋರ್ಡ್ ತಪ್ಪಾಗಿ ಆಕ್ಕೊಂಡು, ಯಶವಂತಪುರಕ್ಕೆ ಓಗೋ ಜನನೆಲ್ಲ ಆರ್.ಟಿ. ನಗರಕ್ಕೆ ಕರ್ಕೊಂಡೋಗಿ ಇಳ್ಸಿದ್ದೆ."

"ಅವರು ಬ್ಯಾರೆ ಬಸ್ ಹತ್ತಿರ್ತಾರ್ರಿ."

"ಊಂ. ಅದೂ ನಿಜ," ಎಂದ ವೆಂಕಟೇಶಪ್ಪ. ಇಬ್ಬರೂ ಕಾಫಿ ಕುಡಿದರು.

ಬುಧವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಹಿಡಿಯಿತು. ಮಗು ಅಲುಗದಂತೆ ಮೊದಲು ಅದಕ್ಕೊಂದು ಮದ್ದು, ಆಮೇಲೆ ಓ ನೆಗೆಟಿವ್ ರಕ್ತ, ಸಿರಿಂಜಿನಿಂದ ಸ್ವಲ್ಪ ಸ್ವಲ್ಪ. ಕೊಡುವ ಮುಂಚೆ ಮಗುವಿನಿಂದ ತೆಗೆದ ಕೆಲವು ಹನಿಯಲ್ಲಿ ಹಿಮೋಗ್ಲೋಬಿನ್ ಐದಕ್ಕಿಂತ ಕೆಳಗಿತ್ತು. ಅದೇ ಹನಿಗಳಲ್ಲಿ ಲಿವರಿನ ಪರೀಕ್ಷೆಯನ್ನೂ ಮಾಡಿಸಿದ್ದರು.

"ಪ್ರೊಟೀನ್ ಕಡಿಮೆ ಇದೆ," ಎಂದು ಸಂಜೆ ರಾಧಾಮಣಿ ಹೇಳಿದರು. "ಆದ್ರೆ ಲಿವರ್ ಕೆಟ್ಟಿಲ್ಲ, ದಣಿದಿದೆ. ರಕ್ತ ಹೊರಗಿಂದ ಸಿಕ್ರೆ ಅದಕ್ಕೆ ಬಿಡುವಾಗುತ್ತೆ. ನೀರು ಇಳಿಯುತ್ತಾ ಇಲ್ವಾ ಅನ್ನೋದು ಹತ್ತು ದಿನದಲ್ಲಿ ಗೊತ್ತಾಗುತ್ತೆ."

ಆ ಹತ್ತು ದಿನಕ್ಕೆ ಪ್ರತಿಭಾ ಕಚೇರಿಗೆ ರಜೆ ಬರೆದಳು. ದ್ರೌಪದಮ್ಮ ಲಿವರ್ ಹುರಿಯುತ್ತಿದ್ದ ಬಾಣಲೆಯನ್ನು ಬೂದಿ ಹಚ್ಚಿ ತಿಕ್ಕಿ ಅಟ್ಟಕ್ಕೆ ಎಸೆದಳು. ಸೊಸೆಗೆ ಏನು ಮಾಡಿ ಹಾಕಲೂ ಅವಳಿಗೆ ಕೈ ಬರಲಿಲ್ಲ.

"ಇವತ್ತೇನು ಮಾಡ್ಲಿ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

"ಏನಾದ್ರೂ ಮಾಡಿ ಅತ್ತೆ."

"ಸೊಪ್ಪು ಒಳ್ಳೇದೋ ಕೆಟ್ಟದ್ದೋ?"

"ಒಳ್ಳೇದೇ."

"ಡಾಕ್ಟ್ರುನ್ನ ಕೇಳು ಯಾವ್ದಕ್ಕೂ."

ಮೂರನೆಯ ದಿನ ದಾನವ್ವ ಎರಡು ಸೀರೆ, ರೊಟ್ಟಿ ಬಡಿಯುವ ಕೊಣಮಿಗೆ ಹಿಡಿದು ಬಂದು ಇಳಿದಳು. "ಬೀಗ್ತಿ, ನಾ ಒಂದು ತಿಂಗಳು ಇರ್ತೀನಿ. ನೀವು ಮುದ್ದಿ ಮಾಡ್ರಿ, ನಾ ರೊಟ್ಟಿ ಮಾಡ್ತೀನಿ. ತಿನ್ನಾಕಿ ತನಗ ಬೇಕಾದ್ದು ತಿಂತಾಳ."

"ನಾನು ಇನ್ನ ಊಟದ ಬಗ್ಗೆ ಮಾತಾಡಲ್ಲಮ್ಮ."

"ಮಾತಾಡಬ್ಯಾಡ್ರಿ. ಹಿಟ್ಟ ಜರಡಿ ಹಿಡೀರಿ."

ದ್ರೌಪದಮ್ಮ ಜರಡಿ ಹಿಡಿದಳು. ಎರಡು ದಿನದಲ್ಲಿ ಪಲ್ಯಕ್ಕೆ ಹಾಕುವ ಖಾರದ ಬಗ್ಗೆ ಇಬ್ಬರಿಗೂ ಜಗಳವಾಯಿತು. ವೆಂಕಟೇಶಪ್ಪನಿಗೆ ಅದು ಕೇಳಿ ಸಮಾಧಾನವಾಯಿತು. ಮುರಿಗೆಪ್ಪ ದಿನಾ ಬೆಳಿಗ್ಗೆ ಬಂದು ಚಿನ್ನಿಯನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಕರೆತಂದು, ಜಗಲಿಯಲ್ಲಿ ನೀರು ಕುಡಿದು ಹೋಗುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ.

ಹತ್ತನೆಯ ದಿನದ ಸ್ಕ್ಯಾನಿಂಗಿನಲ್ಲಿ ನೀರು ಅರ್ಧಕ್ಕಿಳಿದಿತ್ತು. ಹದಿನೈದನೆಯ ದಿನ ಎರಡನೆಯ ಸಲ ರಕ್ತ ಕೊಟ್ಟರು. ಆಮೇಲೆ ನೀರು ಪೂರ್ತಿ ಹೋಯಿತು. ಮೂರನೆಯ ಸಲದ ಹೊತ್ತಿಗೆ ಲಿವರ್ ಚಿಕ್ಕದಾಗಿತ್ತು. ಪ್ರೊಟೀನೂ ಏರಿತ್ತು. ಆಸ್ಪತ್ರೆಯವರು ರಕ್ತ ಹೊಂದಿಸಿದ್ದಕ್ಕೆ ಪ್ರತಿಯಾಗಿ ನಂದಕುಮಾರ್ ತಾನೂ ಕೊಟ್ಟು, ಹ್ಯಾಂಗರಿನ ದಸ್ತಗೀರ್ ಮತ್ತು ಇನ್ನಿಬ್ಬರನ್ನೂ ಕರೆತಂದು ಕೊಡಿಸಿದ. ನಾಲ್ಕನೆಯ ಸಲ ಸೂಜಿ ಹಾಕುವಾಗ ಮಗುವಿನ ಎದೆಬಡಿತ ಒಂದೂವರೆ ನಿಮಿಷ ನಿಧಾನವಾಯಿತು. ರಾಧಾಮಣಿ ಕೈ ತಡೆದು ಕಾದರು. ಬಡಿತ ಮರಳಿತು. ಹೊರಗೆ ಬೆಂಚಿನ ಮೇಲಿದ್ದವರಿಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

"ನೂರಕ್ಕೆ ಒಂದೆರಡು ಅಂದ್ರೆ ಇದೇನಾ?" ಎಂದು ನಂದಕುಮಾರ್ ಹೆಂಡತಿಯನ್ನು ಕೇಳಿದ.

"ಇದೇ. ಆಗ್ಬಹುದಿತ್ತು. ಆಗ್ಲಿಲ್ಲ," ಎಂದಳು ಪ್ರತಿಭಾ. "ಕಾಫಿ ತಗೊಂಡ್ ಬನ್ನಿ."

ಅಕ್ಟೋಬರಿನಲ್ಲಿ, ಮೂವತ್ತಾರನೆಯ ವಾರಕ್ಕೆ, ನೋವು ಬರಿಸಿ ಹೆರಿಗೆ ಮಾಡಿಸಿದರು. ಗಂಡುಮಗು, ಎರಡೂಕಾಲು ಕಿಲೋ, ಮೈಯೆಲ್ಲ ಹಳದಿ. ಐದು ದಿನ ನೀಲಿ ಬೆಳಕಿನ ಕೆಳಗೆ ಇಟ್ಟಿದ್ದರು. ಮೂರನೆಯ ದಿನ ಮುರಿಗೆಪ್ಪ ಲ್ಯಾಬಿನಿಂದ ಮಗುವಿನ ಚೀಟಿ ತಂದ. ಮೇಲಿನ ಹೆಸರನ್ನು ಮೂರು ಸಲ ಓದಿ, ನರ್ಸ್ ಕೈಯಲ್ಲೂ ಓದಿಸಿ, ರಾಧಾಮಣಿಯವರ ಬಾಗಿಲು ತಟ್ಟಿದ.

"ಮೇಡಮ್ಮಾರ, ಹೆಸರು ಸರಿ ಐತಿ. ಆದ್ರ ಗ್ರೂಪ್ ನೆಗೆಟಿವ್ ಬಂದೈತಿ. ನೀವು ಪಾಸಿಟಿವ್ ಅಂದಿದ್ರಿ. ಮತ್ತ ಎಲ್ಲ್ಯಾರ ತಪ್ಪಾಗೈತೇನು?"

ರಾಧಾಮಣಿ ಮೊದಲ ಸಲ ನಕ್ಕರು. "ತಪ್ಪಾಗಿಲ್ಲ. ನಾಲ್ಕು ಸಲ ಕೊಟ್ಟಿದ್ದೆಲ್ಲ ನೆಗೆಟಿವ್ ರಕ್ತ. ಈಗ ಇವನ ಮೈಯಲ್ಲಿ ಓಡ್ತಿರೋದು ಬಹುಪಾಲು ಅದೇ. ಇವನ ಸ್ವಂತದ್ದು ಇನ್ನೂ ಶುರುವಾಗಿಲ್ಲ. ಹೊರಗಿಂದ ಬಂದ್ರೆ ಮೈ ತಾನು ಮಾಡೋದನ್ನ ನಿಲ್ಸಿಬಿಡುತ್ತೆ. ರಕ್ತ ಒಡೆಯೋಕೆ ತಾಯಿಂದ ಬಂದ ಅಂಶಾನೂ ಇನ್ನೂ ಇವನ ಮೈಯಲ್ಲಿದೆ, ಅದು ಹೋಗೋಕೆ ಎರಡು ಮೂರು ತಿಂಗಳು ಬೇಕು. ಅಲ್ಲೀತನಕ ವಾರಕ್ಕೊಂದ್ಸಲ ರಕ್ತ ನೋಡ್ಬೇಕು. ಇಳಿದ್ರೆ ಮತ್ತೆ ಕೊಡ್ಬೇಕು."

"ಶುರು ಆಗದಽ ಹೋದ್ರ?"

"ಆಗುತ್ತೆ ಅಂದ್ಕೊಂಡಿದೀನಿ."

ಮುರಿಗೆಪ್ಪ ಈ ಮಾತನ್ನು ಮನೆಯಲ್ಲಿ ಒಂದಕ್ಷರ ಬದಲಿಸದೆ ಹೇಳಿದ. ಆವತ್ತು ಜಕ್ಕೂರಿನ ಮನೆಯಲ್ಲಿ ಊಟಕ್ಕೂ ಕೂತ. ದ್ರೌಪದಮ್ಮ ಅವನಿಗೆ ಬಡಿಸುವಾಗ ಕೇಳಿದಳು, "ಮುದ್ದೆ ಆಕ್ಲಾ, ಅನ್ನನಾ?"

"ಎರಡೂ ಹಾಕ್ರಿ."

ಬಾಣಂತನ ಎಲ್ಲಿ ಎಂಬ ಬಗ್ಗೆ ಈ ಸಲ ಚರ್ಚೆಯೇ ಆಗಲಿಲ್ಲ. ಆಸ್ಪತ್ರೆ ಹತ್ತಿರವಾದ್ದರಿಂದ ಜಕ್ಕೂರಿನಲ್ಲೇ ಆಯಿತು. ವಾರಕ್ಕೊಮ್ಮೆ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ನೋಡುತ್ತಿದ್ದರು. ಮೊದಲ ವಾರ ಹದಿಮೂರು. ಎರಡನೆಯ ವಾರ ಹನ್ನೊಂದು. ಮೂರನೆಯ ವಾರ ಒಂಬತ್ತು. ನಾಲ್ಕನೆಯ ವಾರ ಏಳಕ್ಕೆ ಬಂದಾಗ ಒಂದು ರಾತ್ರಿ ಇಟ್ಟುಕೊಂಡು ರಕ್ತ ಕೊಟ್ಟು ಕಳಿಸಿದರು. ಮತ್ತೆ ಏರಿ, ಮತ್ತೆ ಇಳಿಯತೊಡಗಿತು. ಹನ್ನೊಂದು, ಹತ್ತು, ಒಂಬತ್ತು. ಎಂಟನೆಯ ವಾರ ಎಂಟು.

"ಇದೇನು ಮೆಟ್ಲು ಇಳ್ದಂಗೆ ಇಳೀತದಲ್ಲ," ಎಂದ ವೆಂಕಟೇಶಪ್ಪ.

"ಮುಂದಿನ ವಾರ ಏಳಾದ್ರೆ ಮತ್ತೆ ಕೊಡ್ತಾರಂತೆ," ಎಂದ ನಂದಕುಮಾರ್.

ದ್ರೌಪದಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಇಂಥ ಹೊತ್ತಿನಲ್ಲಿ ಮಗುವಿನ ನಾಲಿಗೆಗೆ ನೆಕ್ಕಿಸಬಹುದಾದ ಹತ್ತು ಬೇರು, ಕಾಯಿ, ರಸ ಅವಳಿಗೆ ಗೊತ್ತಿದ್ದವು. ಕೆಳಗಿನ ಬೀದಿಯ ಮುನಿಕೃಷ್ಣಮ್ಮ ಬಂದು ಇನ್ನೂ ಎರಡು ಹೇಳಿದಳು.

"ಏನೂ ಕೊಡೋ ಅಂಗಿಲ್ಲ," ಎಂದಳು ದ್ರೌಪದಮ್ಮ. "ತಾಯಿ ಆಲು. ಅಷ್ಟೇ."

"ಬೇರಿನ ರಸದಿಂದ ರಕ್ತ ಊರುತ್ತೆ ಕಣಕ್ಕ."

"ಊರ್ಲಿ ಬಿಡು, ಬೇರೆಯವ್ರ ಮನೇಲಿ."

ಒಂಬತ್ತನೆಯ ವಾರ, ಡಿಸೆಂಬರಿನ ಒಂದು ಗುರುವಾರ, ಪ್ರತಿಭಾ ಮತ್ತು ನಂದಕುಮಾರ್ ಮಗುವನ್ನು ಎತ್ತಿಕೊಂಡು ಬೆಳಿಗ್ಗೆ ಒಂಬತ್ತಕ್ಕೇ ಹೊರಟರು. ರಕ್ತ ಕೊಡುವುದಾದರೆ ಬೇಕಾಗುತ್ತದೆಂದು ಒಂದು ರಾತ್ರಿಯ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರು. ಮಧ್ಯಾಹ್ನ ಎರಡೂವರೆಗೆ ಗೇಟಿನ ಮುಂದೆ ಆಟೋ ನಿಂತಿತು. ಇಬ್ಬರೂ ಇಳಿದರು. ಚೀಲ ತುಂಬಿದ ಹಾಗೇ ಇತ್ತು.

ದ್ರೌಪದಮ್ಮ ಹೊಸ್ತಿಲಲ್ಲೇ ನಿಂತಿದ್ದಳು. "ಎಷ್ಟ್ ಬಂತು?"

"ಎಂಟು ಪಾಯಿಂಟ್ ಒಂಬತ್ತು," ಎಂದಳು ಪ್ರತಿಭಾ.

"ಓದ್ವಾರ?"

"ಎಂಟು."

"ರಕ್ತ ಆಕಿದ್ರಾ?"

"ಇಲ್ಲ."

"ಮತ್ತೆ ಏನ್ ಕೊಟ್ರು? ಮಾತ್ರೆನಾ, ಔಷ್ದೀನಾ?"

"ಏನೂ ಕೊಡ್ಲಿಲ್ಲ ಅತ್ತೆ. ಎರಡು ಸಲ ಚುಚ್ಚಿ ನೋಡಿದ್ರು. ಇವನೇ ಮಾಡ್ಕೊಂಡಿದಾನೆ. ಶುರುವಾಗಿದೆ ಅಂದ್ರು."

"ಯಾರೂ ಏನೂ ಕೊಡ್ದೆ?"

"ಯಾರೂ ಏನೂ ಕೊಡ್ದೆ."

ದ್ರೌಪದಮ್ಮ ಕೈ ಚಾಚಿ ಮಗುವನ್ನು ತೆಗೆದುಕೊಂಡಳು. ಹಿಮ್ಮಡಿಗೆ ಅಂಟಿಸಿದ್ದ ಹತ್ತಿಯನ್ನು ನೋಡಿದಳು. ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು.

"ಇನ್ನೂ ಊಟ ಮಾಡಿಲ್ಲ ಅಲ್ವಾ? ಓಗಮ್ಮ, ಉಣ್ಣೋಗು," ಎಂದಳು. "ಇವ್ನು ನನ್ ಅತ್ರ ಇರ್ಲಿ."

ಪ್ರತಿಭಾ ಕೈಕಾಲು ತೊಳೆದು ಒಳಗೆ ಹೋಗಿ, ಗೂಡಿನಿಂದ ತನ್ನ ತಟ್ಟೆ ತೆಗೆದುಕೊಂಡು, ತಾನೇ ಬಡಿಸಿಕೊಂಡು ಉಂಡಳು.